ಬೋರ್‌ವೆಲ್ ಕೊರೆಸುವ ಮುಂಚೆ ಕೇಳಿ: ನೆಲದೊಳಗಿನ ನೀರು ಉಪಗ್ರಹಕ್ಕೆ ಕಾಣುತ್ತಾ?

ಇವತ್ತಿನ ಪ್ರಶ್ನೆ ಇದು: ತೆಂಗಿನ ತೋಟದ ಕೆಳಗೆ ನೀರು ಎಷ್ಟಿದೆ ಅಂತ ಉಪಗ್ರಹ ಹೇಳಬಹುದಾ? ಸಾಲ ಮಾಡಿ ಬೋರ್‌ವೆಲ್ ಕೊರೆಸೋರಿಗೆ ಇದು ತಮಾಷೆಯ ಪ್ರಶ್ನೆ ಅಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಒಂದು ವಿದ್ಯೆ ಗೊತ್ತು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ಅಲ್ಲಾಡಿಸಿದರೆ ಸಾಕು, ಒಳಗೆ ನೀರಿದೆಯಾ, ಬತ್ತಿದೆಯಾ ಅಂತ ಒಡೆಯದೆಯೇ ತಿಳಿಯುತ್ತೆ. ಉಪಗ್ರಹದ ಕೆಲಸವೂ ಹೀಗೇ. ನೆಲ ಅಗೆಯದೆ, ಸಿಗುವ ಸುಳಿವಿನ ಮೇಲೆ ಅಂದಾಜು.

ಈ ಅಂದಾಜು ಹೇಗೆ ಅಂತ ತಿಳಿಯೋಕೆ ಮೊದಲು ಹಿಮಾಲಯದಂಥ ಹಿಮದ ನಾಡು ನೋಡೋಣ. ಅಲ್ಲಿ ಹಿಮದ ದಪ್ಪ ಬೇರೆ, ಅದರಲ್ಲಿರುವ ನೀರು ಬೇರೆ. ಆಗತಾನೇ ಬಿದ್ದ 10 ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು 1 ಸೆಂಟಿಮೀಟರ್ ನೀರು. ತಿಂಗಳುಗಟ್ಟಲೆ ಒತ್ತಿಕೊಂಡು ಕೂತ ಹಿಮ ಆದರೆ ಅಷ್ಟೇ ದಪ್ಪದಲ್ಲಿ 3-4 ಸೆಂಟಿಮೀಟರ್ ನೀರು ಇರಬಹುದು. ನೆಲ ಸಹಜವಾಗಿಯೇ ಕ್ಷೀಣವಾದ ಮೈಕ್ರೋವೇವ್ ಅಲೆ ಸೂಸುತ್ತೆ, ಹಿಮದ ಹರಳುಗಳು ಅದನ್ನು ಚದುರಿಸುತ್ತವೆ. ಹಿಮ ಹೆಚ್ಚಿದಷ್ಟೂ ಮೇಲೆ ತಲುಪುವ ಅಲೆ ಕಮ್ಮಿ. 2012ರಲ್ಲಿ ಹಾರಿದ ಜಪಾನಿನ ಜಿಕಾಮ್-ಡಬ್ಲ್ಯೂ ಉಪಗ್ರಹ ಇದನ್ನು ಅಳೆದು ಹಿಮದ ಲೆಕ್ಕ ಕೊಡುತ್ತೆ. ಹಿಮ ಒದ್ದೆಯಾದರೆ ಅಥವಾ ತೀರಾ ದಪ್ಪವಾದರೆ ಲೆಕ್ಕ ತಪ್ಪುತ್ತೆ.

ನಮ್ಮಲ್ಲಿ ಹಿಮ ಇಲ್ಲ. ಆದರೆ ಅದೇ ಮೈಕ್ರೋವೇವ್ ಮಣ್ಣಿನ ತೇವವನ್ನೂ ಹೇಳುತ್ತೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಕಮ್ಮಿ ಅಲೆ ಸೂಸುತ್ತೆ. ನಾಸಾದ ಸ್ಮ್ಯಾಪ್ 2015ರಿಂದ ಇದನ್ನು ನೋಡುತ್ತಿದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ-ನಾಸಾ ಜಂಟಿ ಉಪಗ್ರಹ ನಿಸಾರ್ ತಾನೇ ರೇಡಾರ್ ಅಲೆ ಬಿಟ್ಟು, ವಾಪಸ್ ಬಂದದ್ದನ್ನು ಓದುತ್ತೆ. ಆದರೆ ಸ್ಮ್ಯಾಪ್‌ಗೆ ನೇರವಾಗಿ ಸಿಗೋದು ಮೇಲಿನ 5 ಸೆಂಟಿಮೀಟರ್ ಮಣ್ಣು ಮಾತ್ರ. ತೆಂಗಿನ ಬಹುಪಾಲು ಬೇರು ಇರೋದು 1ರಿಂದ 4 ಅಡಿ ಆಳದಲ್ಲಿ. ಒಂದು ಹದ ಮಳೆ ಬಂದ ಮಾರನೇ ದಿನ ನಕ್ಷೆ ಹಸಿರಾಗಿ ಕಂಡರೂ ಬೇರಿಗೆ ನೀರು ಇಳಿದಿರಲಿಕ್ಕಿಲ್ಲ.

ಹಾಗಾದರೆ ಬೋರ್‌ವೆಲ್ ಆಳದ ನೀರು? ಅದಕ್ಕೆ ತೂಕದ ಲೆಕ್ಕ ಇದೆ. 2002ರಲ್ಲಿ ಹಾರಿದ ಗ್ರೇಸ್ ಅವಳಿ ಉಪಗ್ರಹಗಳು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ಕೆಳಗೆ ನೀರು ಹೆಚ್ಚಿದ್ದರೆ ಗುರುತ್ವ ಒಂಚೂರು ಹೆಚ್ಚು, ಆಗ ಮುಂದಿನ ಉಪಗ್ರಹ ಮೊದಲು ಎಳೆಯಲ್ಪಟ್ಟು ಅಂತರ ಕೂದಲೆಳೆಗಿಂತ ಕಮ್ಮಿ ಬದಲಾಗುತ್ತೆ. ಇದರಿಂದಲೇ ರಾಜಸ್ಥಾನ, ಪಂಜಾಬ್, ಹರಿಯಾಣಗಳು 2002ರಿಂದ 2008ರೊಳಗೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡವು ಅಂತ 2009ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. 2018ರಿಂದ ಇದೇ ಕೆಲಸವನ್ನು ಇನ್ನೊಂದು ಜೋಡಿ ಮಾಡುತ್ತಿದೆ.

ತೊಡಕು ಏನಂದ್ರೆ, ಈ ತಕ್ಕಡಿ ನೂರಾರು ಕಿಲೋಮೀಟರ್ ಪ್ರದೇಶವನ್ನು ಒಟ್ಟಿಗೇ ತೂಗುತ್ತೆ. ಒಂದು ತಾಲ್ಲೂಕು ಅದಕ್ಕೆ ತೀರಾ ಚಿಕ್ಕದು. ಮೇಲಾಗಿ ನಮ್ಮದು ಗಟ್ಟಿ ಬಂಡೆಯ ನೆಲ. ನೀರು ಕೂತಿರೋದು ಬಂಡೆಯ ಬಿರುಕಿನಲ್ಲಿ. ಪಕ್ಕದ ತೋಟದಲ್ಲಿ ನೀರು ಚಿಮ್ಮಿ, ನಿಮ್ಮಲ್ಲಿ ಬರೀ ಧೂಳು ಬರಬಹುದು.

ಹಾಗಾಗಿ ಯಾರಾದರೂ ಮೊಬೈಲ್‌ನಲ್ಲಿ ಉಪಗ್ರಹದ ನಕ್ಷೆ ತೋರಿಸಿ 'ಇಲ್ಲೇ ಕೊರೆಸಿ' ಅಂದರೆ ಮೂರು ಪ್ರಶ್ನೆ ಕೇಳಿ. ಇದು ಎಷ್ಟು ಆಳದ ನೀರು? ನಕ್ಷೆಯ ಒಂದು ಚೌಕ ನೆಲದ ಮೇಲೆ ಎಷ್ಟು ಅಗಲ? ಯಾವ ಬಾವಿಯ ಅಳತೆ ಜೊತೆ ತಾಳೆ ನೋಡಿದ್ದೀರಿ?

ಬರ ಬರುತ್ತಿದೆಯಾ, ಇಡೀ ಸೀಮೆಯ ಅಂತರ್ಜಲ ಕುಸಿಯುತ್ತಿದೆಯಾ ಅನ್ನೋದಕ್ಕೆ ಉಪಗ್ರಹ ನಂಬಿಕಸ್ತ. ನಿಮ್ಮ ತೋಟದ ಲೆಕ್ಕಕ್ಕೆ ಮಾತ್ರ ಗ್ರಾಮ ಪಂಚಾಯಿತಿಯ ಮಳೆಮಾಪಕ ಮತ್ತು ತಿಂಗಳಿಗೊಮ್ಮೆ ಬಾವಿಗೆ ಇಳಿಬಿಟ್ಟ ಹಗ್ಗವೇ ಬೇಕು. ಆ ಅಂಕಿಯನ್ನು ಇವತ್ತಿಂದಲೇ ಫೋನಿನಲ್ಲಿ ಬರೆದಿಡಿ. ಮುಂದಿನ ಬೇಸಿಗೆಗೆ ಕೈಲಿ ಒಂದು ಲೆಕ್ಕ ಇರುತ್ತೆ.