ಗೆರೆ ಮೂಡಿತು, ಮುಂದೇನು?

ಕೊಟ್ಟೂರಿನಂಥ ಊರಲ್ಲಿ ಗುಟ್ಟು ಉಳಿಸಿಕೊಳ್ಳುವುದು ಕಷ್ಟ. ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಮುಂದೆ ನಿಂತವರು ಓಣಿಯವರು, ಹಿಂದೆ ನಿಂತವರು ಬೀಗರ ಕಡೆಯವರು. ‘ಯಾಕ ಬಂದಿ, ಏನಾಗೇತಿ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯಲ್ಲೂ ಇದೇ ಪಾಡು. ಸಾಲದ್ದಕ್ಕೆ, 1982ರ ಕಾಯ್ದೆ ದೇವದಾಸಿ ಪದ್ಧತಿಯನ್ನು ನಿಷೇಧಿಸಿದರೂ, ಎಚ್‌ಐವಿ ಎಂದರೆ ದೇವದಾಸಿಯರಿದ್ದ ಯಾವುದೋ ಒಂದು ಕೇರಿಯ ರೋಗ ಎಂಬ ಹಳೆಯ ತಪ್ಪು ಕಲ್ಪನೆ ಇನ್ನೂ ಪೂರ್ತಿ ಹೋಗಿಲ್ಲ. ಮನೆಯ ಬಾಗಿಲು ಹಾಕಿಕೊಂಡು ಪರೀಕ್ಷಿಸಿಕೊಳ್ಳುವ ಕಿಟ್ ಇಷ್ಟವಾಗುವುದು ಇದಕ್ಕೇ.

1986ರಲ್ಲಿ ಭಾರತದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದಾಗ ಮದ್ರಾಸಿನಲ್ಲಿ ಸಂಗ್ರಹಿಸಿದ ರಕ್ತವನ್ನು ವೆಲ್ಲೂರಿಗೆ ಒಯ್ಯಬೇಕಾಗಿತ್ತು. ಆ ಕೆಲಸ ಈಗ ಬೆರಳುದ್ದದ ಪ್ಲಾಸ್ಟಿಕ್ ತುಂಡಿಗೆ ಇಳಿದಿದೆ.

ಅದರೊಳಗೆ ಇರುವುದು ಒಂದು ನೈಟ್ರೋಸೆಲ್ಯುಲೋಸ್ ಪಟ್ಟಿ. ಬೆರಳ ತುದಿಯ ರಕ್ತವನ್ನೋ ವಸಡಿನಿಂದ ಸವರಿ ತೆಗೆದ ದ್ರವವನ್ನೋ ದ್ರಾವಣದೊಂದಿಗೆ ಸೇರಿಸಿದರೆ, ದೀಪದ ಬತ್ತಿ ಎಣ್ಣೆ ಹೀರುವಂತೆ ಪಟ್ಟಿ ಅದನ್ನು ಎಳೆದುಕೊಳ್ಳುತ್ತದೆ. ದಾರಿಯಲ್ಲಿ ಬಣ್ಣ ಕೊಡುವ ಕಣಗಳು ಜೊತೆಗೂಡುತ್ತವೆ. ಬಹಳಷ್ಟು ಕಿಟ್‌ಗಳಲ್ಲಿ ಅವು ಅತಿಸೂಕ್ಷ್ಮ ಚಿನ್ನದ ಕಣಗಳು. ಆ ಗಾತ್ರದಲ್ಲಿ ಚಿನ್ನ ಹಳದಿಯಲ್ಲ, ಕೆಂಪು. ‘ಟಿ’ ಎಂಬಲ್ಲಿ ವೈರಸ್ಸಿನ ಪ್ರೋಟೀನ್ ತುಣುಕುಗಳನ್ನು ಮೊದಲೇ ಅಂಟಿಸಿರುತ್ತಾರೆ. ದೇಹ ತಯಾರಿಸಿದ ಪ್ರತಿಕಾಯಗಳು ಅಲ್ಲಿ ಸಿಕ್ಕಿಬಿದ್ದರೆ ಕಣಗಳೂ ನಿಲ್ಲುತ್ತವೆ, ಗೆರೆ ಮೂಡುತ್ತದೆ. ಕಿಟ್ ಸರಿಯಿದೆಯೆಂದು ತೋರಿಸುವ ‘ಸಿ’ ಗೆರೆ ಬರಲೇಬೇಕು. ಬಾರದಿದ್ದರೆ ಆ ಕಿಟ್ ಕೆಟ್ಟಿದೆ ಎಂದೇ ಲೆಕ್ಕ.

ಗಮನಿಸಬೇಕಾದದ್ದು ಇಲ್ಲಿದೆ: ಇಂಥ ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಪ್ರತಿಕಾಯಗಳನ್ನು. ಸೋಂಕು ತಗುಲಿದ ಮೇಲೆ ಅವು ಕಾಣುವಷ್ಟು ಹೆಚ್ಚಲು ವಾರಗಳು ಬೇಕು, ಕೆಲವರಲ್ಲಿ ಮೂರು ತಿಂಗಳವರೆಗೂ ಹಿಡಿಯುತ್ತದೆ. ಹೋದ ವಾರದ ಭಯಕ್ಕೆ ಈ ವಾರ ಪರೀಕ್ಷಿಸಿ ನಿಟ್ಟುಸಿರು ಬಿಟ್ಟರೆ ಅದು ಸುಳ್ಳು ಸಮಾಧಾನ. ಅಂಥ ಭಯ ಹೊಸದಿದ್ದಾಗ ಬೇಕಾದದ್ದು ಕಿಟ್ಟೇ ಅಲ್ಲ. ಸೋಂಕು ತಗುಲಿರಬಹುದಾದ ಘಟನೆಯ 72 ಗಂಟೆಯೊಳಗೆ ವೈದ್ಯರನ್ನು ಕಂಡರೆ ಸೋಂಕು ತಡೆಯುವ ಮಾತ್ರೆಗಳಿವೆ.

2012ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ‘ಓರಾಕ್ವಿಕ್’ ಕಿಟ್ ಜನಸಾಮಾನ್ಯರ ಕೈಯಲ್ಲಿ ಸುಮಾರು 12 ಸೋಂಕಿತರಲ್ಲಿ ಒಬ್ಬರಿಗೆ ‘ಇಲ್ಲ’ ಎಂದು ತಪ್ಪು ಹೇಳಬಹುದೆಂದು ಅಂದಾಜಿಸಲಾಗಿತ್ತು. ಸೋಂಕಿಲ್ಲದವರಿಗೆ ‘ಇದೆ’ ಎನ್ನುವ ತಪ್ಪು 5,000ಕ್ಕೆ ಒಂದು. ಈಗಾಗಲೇ ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ಎಆರ್‌ಟಿ ಮಾತ್ರೆ ನುಂಗುತ್ತಿರುವವರು ಪರೀಕ್ಷಿಸಿಕೊಂಡರೆ ಗೆರೆ ಮೂಡದೆಯೂ ಇರಬಹುದು. ರೋಗ ವಾಸಿಯಾಯಿತೆಂದು ಮಾತ್ರೆ ಬಿಟ್ಟವರಿಗೆ ಅಪಾಯ ಕಟ್ಟಿಟ್ಟ ಬುತ್ತಿ. ಒಂದೂವರೆ ವರ್ಷ ತುಂಬದ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳೇ ಇರಬಹುದಾದ್ದರಿಂದ ಅಲ್ಲಿ ಕಿಟ್‌ನಿಂದ ಉಪಯೋಗವಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಅದು ಸ್ವಯಂ ಪರೀಕ್ಷೆಗೆಂದೇ ತಯಾರಾದದ್ದೇ, ಲ್ಯಾಬ್ ಸಿಬ್ಬಂದಿಗಾಗಿಯೇ ಎಂದು ನೋಡಬೇಕು. ಅವಧಿ ಮುಗಿದಿರಬಾರದು. ಚೀಟಿಯಲ್ಲಿ ಹೇಳಿದ ನಿಮಿಷಕ್ಕೆ ಓದಬೇಕು. ಮಾರನೆಯ ದಿನ ಕಸದ ಬುಟ್ಟಿಯಿಂದ ಎತ್ತಿ ನೋಡಿದರೆ ಇಲ್ಲದ ಗೆರೆಯೂ ಕಂಡೀತು. ಹೇಳಿದ ಸಮಯದೊಳಗೆ ಮೂಡಿದ್ದು ಮಸುಕಾಗಿದ್ದರೂ ಅದು ಗೆರೆಯೇ.

ಇನ್ನೊಬ್ಬರ ಮೇಲೆ ಈ ಕಿಟ್ ಪ್ರಯೋಗಿಸುವುದು ಸಲ್ಲದು. ಮದುವೆಗೆ ಮುಂಚೆ ಭಾವೀ ಸೊಸೆಯ ಬೆರಳು ಹಿಡಿದು ಚುಚ್ಚುವ ಅಧಿಕಾರ ಯಾವ ಅತ್ತೆಗೂ ಇಲ್ಲ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಪರೀಕ್ಷೆಗೆ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು.

ಎರಡು ಗೆರೆ ಬಂದರೂ ಅದೇ ಕೊನೆಯ ಮಾತಲ್ಲ. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಪರೀಕ್ಷೆ ಮಾಡಿಯೇ ‘ಇದೆ’ ಎನ್ನುತ್ತಾರೆ. ಪರೀಕ್ಷೆಗೂ ದುಡ್ಡಿಲ್ಲ, ಆಮೇಲಿನ ಎಆರ್‌ಟಿ ಮಾತ್ರೆಗೂ ದುಡ್ಡಿಲ್ಲ. ಸಾಲಿನಲ್ಲಿ ನಿಲ್ಲುವ ಮುಂಚೆ ಯಾರನ್ನಾದರೂ ಕೇಳಬೇಕೆನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದೂ ಉಚಿತವೇ.