ನೀರಿಲ್ಲದ ಕಡಲಿನಲ್ಲಿ ನೌಕಾಯುದ್ಧ

ಪದವಿ ತರಗತಿಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಚಲನೆಯ ನಿಯಮಗಳನ್ನು ವಿವರಿಸುತ್ತಿದ್ದಾಗ ನಾನು ಒಮ್ಮೆ ಒಂದು ಪ್ರಶ್ನೆಯನ್ನು ಕೇಳಿದೆನು. ಯಾವ ಗ್ರಹನಕ್ಷತ್ರಗಳೂ ಹತ್ತಿರವಿಲ್ಲದ ಶೂನ್ಯದಲ್ಲಿ, ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಿಂದ ಸಾಗುತ್ತಿರುವ ಆಕಾಶನೌಕೆಯ ಯಂತ್ರವನ್ನು ನಿಲ್ಲಿಸಿದರೆ ಏನಾಗುವುದು? ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ತಡಮಾಡದೆ, “ನೌಕೆ ನಿಂತುಹೋಗುತ್ತದೆ, ಸಾರ್” ಎಂದನು. ನ್ಯೂಟನ್ನನ ಮೊದಲನೆಯ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ಹುಡುಗನೇ ಅವನು. ಈ ಉತ್ತರ ಎಲ್ಲಿಂದ ಬಂದಿತೆಂದು ವಿಚಾರಿಸಲು, “ದಿನಾ ಸಂಜೆ ನಾನೇ ನಿಲ್ಲಿಸುತ್ತೇನಲ್ಲ, ಸಾರ್” ಎಂದನು. ಅವನು ಹೇಳಿದುದು ತಾನು ಆಡುವ ವಿಡಿಯೋ ಆಟವೊಂದರ ನೌಕೆಯ ವಿಷಯ. ತರಗತಿಯೆಲ್ಲವೂ ನಕ್ಕಿತು. ಆದರೆ ನನಗೆ ಅದು ನಕ್ಕು ಬಿಡುವ ಮಾತಾಗಿ ತೋರಲಿಲ್ಲ. ಕಣ್ಣು ಓದಿದ ನಿಯಮಕ್ಕಿಂತ ಕೈ ಕಲಿತ ನಿಯಮ ಹೆಚ್ಚು ಬಲವಾದುದು. ಹಾಗಿದ್ದರೆ, ಆ ಆಟ ಕೈಗೆ ಕಲಿಸುತ್ತಿರುವ ನಿಯಮ ಯಾವುದು?

ಆ ಆಟದ ಹೆಸರು ‘ಸ್ಟಾರ್ ಟ್ರೆಕ್: ಲೆಗಸಿ’. ಜೀನ್ ರಾಡನ್‌ಬೆರಿ ಎಂಬಾತನು ಕಲ್ಪಿಸಿದ ‘ಸ್ಟಾರ್ ಟ್ರೆಕ್’ ಕಥಾಮಾಲೆ ೧೯೬೬ರ ಸೆಪ್ಟೆಂಬರ್ ೮ರಂದು ಅಮೆರಿಕದ ದೂರದರ್ಶನದಲ್ಲಿ ಮೊದಲಾಯಿತು. ಮುಂದೆ ಅದರಿಂದ ಹಲವು ಮಾಲೆಗಳೂ ಚಲನಚಿತ್ರಗಳೂ ಆಟಗಳೂ ಹುಟ್ಟಿದವು. ೨೦೦೬ರ ಡಿಸೆಂಬರಿನಲ್ಲಿ ಹೊರಬಂದ ‘ಲೆಗಸಿ’ ಅಂಥ ಆಟಗಳಲ್ಲಿ ಒಂದು. ಇದನ್ನು ಎಕ್ಸ್‌ಬಾಕ್ಸ್ ೩೬೦ ಎಂಬ ಕನ್ಸೋಲಿನಲ್ಲಿ, ಎಂದರೆ ಟಿ.ವಿ.ಗೆ ಜೋಡಿಸಿ ಆಡುವ ಗಣಕಯಂತ್ರದಲ್ಲಿ, ಆಡಬಹುದು. ಆಟಗಾರನು ನಾಲ್ಕರವರೆಗೆ ಯುದ್ಧನೌಕೆಗಳ ದಂಡಿಗೆ ಅಧಿಪತಿ. ಫೇಸರ್ ಕಿರಣಗಳನ್ನು ಹಾಯಿಸಿ, ಟಾರ್ಪೆಡೋಗಳನ್ನು ಬಿಟ್ಟು ಶತ್ರುವಿನ ರಕ್ಷಾಕವಚವನ್ನು ಭೇದಿಸುವುದೇ ಆಟ.

ಈ ನೌಕೆಗಳು ಚಲಿಸುವ ಪರಿಯನ್ನು ಗಮನಿಸಿರಿ. ವೇಗವನ್ನು ಸೊನ್ನೆಗೆ ಇಳಿಸಿದರೆ ನೌಕೆ ನಿಲ್ಲುತ್ತದೆ. ಎಡಕ್ಕೆ ತಿರುಗಿಸಿದರೆ ಮೂತಿ ಎಡಕ್ಕೆ ಹೊರಳುವುದಲ್ಲದೆ ನೌಕೆಯ ದಾರಿಯೂ ಹಾಗೆಯೇ ಬಾಗುತ್ತದೆ. ಎಲ್ಲ ನೌಕೆಗಳ ತಲೆಯೂ ಒಂದೇ ದಿಕ್ಕಿಗೆ, ‘ಮೇಲೆ’ ಎಂಬ ಒಂದು ದಿಕ್ಕಿಗೆ ಇರುತ್ತದೆ. ಇದು ಕಡಲಿನ ಹಡಗಿನ ನಡೆ. ಹಡಗು ತಿರುಗುವುದು ಚುಕ್ಕಾಣಿಗೆ ನೀರು ಒತ್ತಿಕೊಡುವುದರಿಂದ, ನಿಲ್ಲುವುದು ನೀರು ತಡೆಯುವುದರಿಂದ. ಶೂನ್ಯದಲ್ಲಿ ಒತ್ತುವ ನೀರೂ ಇಲ್ಲ, ತಡೆಯುವ ಗಾಳಿಯೂ ಇಲ್ಲ.

ಹಾಗಾದರೆ ನಿಜವಾದ ನೌಕೆ ತಿರುಗುವುದೆಂತು? ಮೇಲಿನ ಪ್ರಶ್ನೆಯ ನೌಕೆಯನ್ನೇ ತೆಗೆದುಕೊಳ್ಳೋಣ. ಅದನ್ನು ಅದೇ ವೇಗದಲ್ಲಿ ನೇರ ಎಡಕ್ಕೆ, ಎಂದರೆ ೯೦ ಅಂಶ, ತಿರುಗಿಸಬೇಕಾಗಿದೆ. ಮೂತಿಯನ್ನು ಮಾತ್ರ ಎಡಕ್ಕೆ ಹೊರಳಿಸಿದರೆ ನೌಕೆ ಅಡ್ಡವಾಗಿ ನಿಂತು, ಹಳೆಯ ದಾರಿಯಲ್ಲಿಯೇ ಜಾರುತ್ತ ಹೋಗುತ್ತದೆ. ಮುಂದಿನ ವೇಗವನ್ನು ಪೂರ್ತಿಯಾಗಿ ಅಳಿಸಬೇಕು, ಎಡಕ್ಕೆ ಅಷ್ಟೇ ವೇಗವನ್ನು ಹೊಸದಾಗಿ ಗಳಿಸಬೇಕು. ಎರಡನ್ನೂ ಒಟ್ಟಿಗೆ ಸಾಧಿಸಲು, ನೌಕೆಯನ್ನು ಹಿಂದಕ್ಕೂ ಎಡಕ್ಕೂ ಸಮನಾಗಿ ಓರೆಯಾದ ದಿಕ್ಕಿಗೆ ನಿಲ್ಲಿಸಿ ಯಂತ್ರವನ್ನು ಉರಿಸಬೇಕು. ಪೈಥಾಗೊರಸನ ಪ್ರಮೇಯದಂತೆ ಬೇಕಾಗುವ ವೇಗವ್ಯತ್ಯಾಸ ಸೆಕೆಂಡಿಗೆ ೧.೪೧ ಕಿಲೋಮೀಟರ್. ಯಂತ್ರದ ವೇಗೋತ್ಕರ್ಷ ಸೆಕೆಂಡು ವರ್ಗಕ್ಕೆ ೧೦ ಮೀಟರ್ ಎಂದು ಇಟ್ಟುಕೊಂಡರೆ (ಭೂಮಿಯ ಮೇಲೆ ಬೀಳುವ ಕಲ್ಲಿಗೆ ಇರುವುದು ಹೆಚ್ಚುಕಡಿಮೆ ಇಷ್ಟೇ) ಇದಕ್ಕೆ ೧೪೧ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನೌಕೆ ಹಳೆಯ ದಿಕ್ಕಿನಲ್ಲಿ ಇನ್ನೂ ಸುಮಾರು ೭೦ ಕಿಲೋಮೀಟರ್ ಮುಂದೆ ಹೋಗಿರುತ್ತದೆ! ಇಂಥ ಕಾಳಗವನ್ನು ಟಿ.ವಿ. ಪರದೆಯ ಮೇಲೆ ತೋರಿಸಹೊರಟರೆ ಎರಡು ನೌಕೆಗಳೂ ಕಾಣದ ಚುಕ್ಕೆಗಳಾಗುತ್ತವೆ.

ಇಂಥ ಚಲನೆಯನ್ನು ಲೆಕ್ಕಹಾಕುವುದು ಗಣಕಯಂತ್ರಕ್ಕೆ ಕಷ್ಟವೇನೋ ಎಂದು ಕೆಲವರಿಗೆ ತೋರಬಹುದು. ಸಂಗತಿ ಇದಕ್ಕೆ ವಿರುದ್ಧವಾಗಿದೆ. ೧೯೬೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ಇ. ಇ. ಸ್ಮಿತ್ ಎಂಬ ಲೇಖಕನ ವೈಜ್ಞಾನಿಕ ಕಾದಂಬರಿಗಳೇ ಅವರಿಗೆ ಸ್ಫೂರ್ತಿ. ಅವರು ಬಳಸಿದ ಪಿ.ಡಿ.ಪಿ.-೧ ಯಂತ್ರದ ಮೂಲ ಸ್ಮೃತಿಯ ಸಾಮರ್ಥ್ಯ ೧೮ ಬಿಟ್ಟುಗಳ ೪,೦೯೬ ಪದಗಳು ಮಾತ್ರ. ಅಷ್ಟರಲ್ಲಿಯೇ ಎರಡು ನೌಕೆಗಳು ನ್ಯೂಟನ್ನನ ನಿಯಮದಂತೆ ಚಲಿಸಿದವು. ಯಂತ್ರವನ್ನು ನಿಲ್ಲಿಸಿದರೂ ಅವು ಸಾಗುತ್ತಲೇ ಇದ್ದವು. ಡ್ಯಾನ್ ಎಡ್ವರ್ಡ್ಸ್ ಎಂಬಾತನು ಪರದೆಯ ನಡುವೆ ಒಂದು ನಕ್ಷತ್ರವನ್ನಿಟ್ಟು ಅದರ ಗುರುತ್ವಾಕರ್ಷಣೆಯನ್ನೂ ಲೆಕ್ಕಕ್ಕೆ ಸೇರಿಸಿದನು. ಟಾರ್ಪೆಡೋಗಳಿಗೂ ಆ ಆಕರ್ಷಣೆಯನ್ನು ಲೆಕ್ಕಹಾಕಲು ಯಂತ್ರಕ್ಕೆ ವೇಳೆ ಸಾಲದೆ ಹೋದುದರಿಂದ ಅವು ಮಾತ್ರ ನೇರವಾಗಿ ಹೋಗುತ್ತಿದ್ದವು.

ಲೆಕ್ಕ ಎಷ್ಟು ಸುಲಭವೆಂಬುದನ್ನು ನೋಡೋಣ. ಪರದೆಯ ಚಿತ್ರ ಸೆಕೆಂಡಿಗೆ ೬೦ ಬಾರಿ ಬದಲಾಗುತ್ತದೆನ್ನಿ. ಪ್ರತಿ ಬಾರಿಯೂ ವೇಗೋತ್ಕರ್ಷದ ಅರುವತ್ತನೆಯ ಒಂದು ಭಾಗವನ್ನು ವೇಗಕ್ಕೆ ಕೂಡಬೇಕು, ವೇಗದ ಅರುವತ್ತನೆಯ ಒಂದು ಭಾಗವನ್ನು ಸ್ಥಾನಕ್ಕೆ ಕೂಡಬೇಕು. ನ್ಯೂಟನ್ನನ ನೌಕೆ ಸಿದ್ಧವಾಯಿತು. ನೌಕೆ ತಾನಾಗಿ ನಿಲ್ಲಬೇಕೆಂದರೆ ಇನ್ನೊಂದು ಲೆಕ್ಕವನ್ನು ಹೆಚ್ಚಾಗಿ ಮಾಡಬೇಕು. ಉದಾಹರಣೆಗೆ, ಪ್ರತಿ ಬಾರಿಯೂ ವೇಗವನ್ನು ೦.೯೮ರಿಂದ ಗುಣಿಸುತ್ತ ಹೋದರೆ ಒಂದು ಸೆಕೆಂಡಿನ ಕೊನೆಗೆ ಅದು ನೂರಕ್ಕೆ ೩೦ರಷ್ಟಕ್ಕೂ, ಮೂರು ಸೆಕೆಂಡುಗಳ ಕೊನೆಗೆ ನೂರಕ್ಕೆ ಮೂರಕ್ಕಿಂತ ಕಡಮೆಗೂ ಇಳಿಯುತ್ತದೆ. ಈ ಒಂದು ಗುಣಾಕಾರವೇ ಕಣ್ಣಿಗೆ ಕಾಣದ ನೀರು. ಶೂನ್ಯದಲ್ಲಿ ಅದು ತಾನಾಗಿ ಇರಲಿಲ್ಲ, ಮನುಷ್ಯನು ಬೇಕೆಂದೇ ಅದನ್ನು ತುಂಬಬೇಕು.

ಏಕೆ ತುಂಬಿದನು? ಒಂದು ಕಾರಣ ಕಥೆಯ ಸಂಪ್ರದಾಯ. ‘ಸ್ಟಾರ್ ಟ್ರೆಕ್’ ಮೊದಲಿನಿಂದಲೂ ಕ್ಯಾಪ್ಟನ್, ಅಡ್ಮಿರಲ್, ಟಾರ್ಪೆಡೋ ಎಂಬ ನೌಕಾಪಡೆಯ ಮಾತುಗಳಲ್ಲಿಯೇ ಬೆಳೆದ ಕಥೆ. ೧೯೮೨ರ ‘ದಿ ರಾತ್ ಆಫ್ ಖಾನ್’ ಚಿತ್ರದಲ್ಲಿ ಖಳನಾಯಕನು ಸಪಾಟಾದ ಕಡಲಿನಲ್ಲಿ ಇರುವಂತೆ ಎರಡೇ ಆಯಾಮಗಳಲ್ಲಿ ಯೋಚಿಸಿ ಸೋಲುತ್ತಾನೆಂಬುದು ಗಮನಾರ್ಹ. ಇನ್ನೊಂದು ಕಾರಣ ನಮ್ಮ ಕೈಯ ಅಭ್ಯಾಸ. ಎತ್ತಿನ ಗಾಡಿಯಾಗಲಿ ಸೈಕಲ್ಲಾಗಲಿ, ನಾವು ನಡೆಸಿದ ವಾಹನಗಳೆಲ್ಲವೂ ಘರ್ಷಣೆಯ ಲೋಕದವು. ಎಳೆಯುವುದನ್ನು ಬಿಟ್ಟರೆ ನಿಲ್ಲುವುದೆಂದು ಅರಿಸ್ಟಾಟಲನಿಗೆ ತೋರಿದುದೂ ಇದರಿಂದಲೇ. ಆಟದ ನೌಕೆಯನ್ನು ಅರಿಸ್ಟಾಟಲನಂತೆ ನಡೆಯಿಸಿದರೆ ಹೊಸ ಆಟಗಾರನು ಐದು ನಿಮಿಷಗಳಲ್ಲಿ ಕಲಿಯುತ್ತಾನೆ. ನ್ಯೂಟನ್ನನಂತೆ ನಡೆಯಿಸಿದರೆ ಒಂದು ತಪ್ಪನ್ನು ತಿದ್ದಲು ಅಷ್ಟೇ ಬಲವನ್ನು ಎದುರುದಿಕ್ಕಿನಲ್ಲಿ ಪ್ರಯೋಗಿಸಬೇಕು, ತಿದ್ದದ ತಪ್ಪು ತಾನಾಗಿ ಎಂದಿಗೂ ಕರಗದು.

ಆಟದಲ್ಲಿ ಇದರಿಂದ ಹಾನಿಯಿಲ್ಲ. ಆದರೆ ನಿಜವಾದ ನೌಕೆಗೆ ಈ ಅನುಕೂಲ ದೊರೆಯದು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ರ ‘ವಿಕ್ರಮ್’ ಚಂದ್ರನಿಂದ ಸುಮಾರು ೩೦ ಕಿಲೋಮೀಟರ್ ಎತ್ತರದಲ್ಲಿ ಇಳಿಯಲು ಆರಂಭಿಸಿದಾಗ ಅದರ ವೇಗ ಸೆಕೆಂಡಿಗೆ ಸುಮಾರು ೧.೭ ಕಿಲೋಮೀಟರ್. ಚಂದ್ರನ ಮೇಲೆ ತಡೆಯಬಲ್ಲ ವಾಯುವಿಲ್ಲ. ಆದುದರಿಂದ ತಾನೇ ಹೊತ್ತು ತಂದ ಇಂಧನವನ್ನು ಚಲನೆಗೆ ಎದುರಾಗಿ ಉರಿಸಿ ಆ ವೇಗವನ್ನೆಲ್ಲ ಕಳೆಯಬೇಕಾಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದುದು ಮುಖ್ಯವಾಗಿ ಈ ವೇಗದ ಅಂಕೆಯನ್ನೇ. ೨೦೧೯ರ ಸೆಪ್ಟೆಂಬರ್ ೭ರಂದು ಚಂದ್ರಯಾನ-೨ರ ಇಳಿನೌಕೆಯ ವೇಗ ಯೋಜಿಸಿದ ರೀತಿಯಲ್ಲಿ ಇಳಿಯಲಿಲ್ಲ. ಅದು ನೆಲಕ್ಕೆ ಅಪ್ಪಳಿಸಿತು. ಶೂನ್ಯದಲ್ಲಿ ನಿಲ್ಲುವುದೆಂಬುದು ಸುಮ್ಮನೆ ಆಗುವ ಕೆಲಸವಲ್ಲ, ದುಡಿದು ಮಾಡುವ ಕೆಲಸ.

ನನ್ನ ವಿದ್ಯಾರ್ಥಿಗೆ ಆಟವನ್ನು ಬಿಡೆಂದು ನಾನು ಹೇಳಲಿಲ್ಲ. ನೌಕೆ ೯೦ ಅಂಶ ತಿರುಗಲು ಎಷ್ಟು ಸೆಕೆಂಡು ಹಿಡಿಯುವುದೆಂದು ಗಡಿಯಾರ ನೋಡಿ ಬಾ, ವೇಗ ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಭಾವಿಸಿ ಒಳಗಿರುವವರ ಗತಿಯನ್ನು ಲೆಕ್ಕಹಾಕು ಎಂದೆನು. ಮರುದಿನ ಅವನು ಒಂದು ಹಾಳೆಯನ್ನು ತಂದನು. ಕಾಲ ಸುಮಾರು ಹತ್ತು ಸೆಕೆಂಡು. ವೃತ್ತಚಲನೆಯ ಸೂತ್ರದಂತೆ ವೇಗೋತ್ಕರ್ಷ ಸೆಕೆಂಡು ವರ್ಗಕ್ಕೆ ೧೫೭ ಮೀಟರ್, ಎಂದರೆ ಗುರುತ್ವದ ಹದಿನಾರು ಪಾಲು. ತರಬೇತಾದ ಯುದ್ಧವಿಮಾನ ಚಾಲಕರು ವಿಶೇಷ ಉಡುಪು ಧರಿಸಿ ಅಲ್ಪಕಾಲ ತಾಳಬಲ್ಲುದು ಸುಮಾರು ಒಂಬತ್ತು ಪಾಲು. “ಎಲ್ಲರೂ ಗೋಡೆಗೆ ಅಪ್ಪಚ್ಚಿ, ಸಾರ್” ಎಂದನು. ಸ್ವಲ್ಪ ತಡೆದು, “ಅದಕ್ಕೇ ಕಥೆಯಲ್ಲಿ ಜಡತ್ವವನ್ನು ತಗ್ಗಿಸುವ ಒಂದು ಯಂತ್ರವನ್ನು ಇಟ್ಟಿದ್ದಾರೆ. ಅದು ಏಕೆಂದು ನನಗೆ ಈವರೆಗೆ ಗೊತ್ತಿರಲಿಲ್ಲ” ಎಂದನು.

ಅಂಥ ಯಂತ್ರ ಕಲ್ಪನೆಯದು. ಜಡತ್ವ ಮಾತ್ರ ನಿಜ. ಆ ಹಾಳೆಯನ್ನು ನಾನು ಮುಂದಿನ ಪಾಠದಲ್ಲಿ ತರಗತಿಗೆಲ್ಲ ಓದಿ ಹೇಳಿದೆನು. ಈ ಬಾರಿ ಯಾರೂ ನಗಲಿಲ್ಲ.