ನಿಮಗಿದು ಗೊತ್ತೆ? ‘ಇಲ್ಲ’ ಎಂಬುದೂ ಒಂದು ಪದಾರ್ಥ!

ಇರುವುದೆಲ್ಲವನ್ನೂ ‘ಪದಾರ್ಥ’ಗಳೆಂಬ ಬಗೆಗಳಾಗಿ ವಿಂಗಡಿಸಲು ಹೊರಟ ಪ್ರಾಚೀನ ಭಾರತದ ದರ್ಶನ ವೈಶೇಷಿಕ. ಕಣಾದ ಮುನಿಯ ‘ವೈಶೇಷಿಕ ಸೂತ್ರ’ ಇದರ ಮೂಲಗ್ರಂಥ.

● ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ: ಇವು ಮೊದಲಿನ 6 ಪದಾರ್ಥಗಳು. ಇವುಗಳಲ್ಲಿ ದ್ರವ್ಯಗಳೇ 9: ಪೃಥ್ವಿ, ಜಲ, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು.

● ಮುಂದಿನ ಕಾಲದ ಚಿಂತಕರು ಏಳನೆಯದೊಂದನ್ನು ಸೇರಿಸಿದರು. ಅದೇ ಅಭಾವ, ಅಂದರೆ ಇಲ್ಲದಿರುವಿಕೆ. ಕೋಣೆಯೊಳಗೆ ಇಣುಕಿ ‘ಇಲ್ಲಿ ಕೊಡ ಇಲ್ಲ’ ಎನ್ನುತ್ತೇವೆ. ಆ ಅರಿವು ನಿಜವಾದರೆ, ಅರಿವಿಗೆ ಬಂದ ಆ ‘ಇಲ್ಲ’ವೂ ನಿಜವೇ ಆಗಿರಬೇಕು ಎಂಬುದು ಅವರ ವಾದ.

● ಅಭಾವದಲ್ಲಿ 4 ಬಗೆ. ಮಾಡುವ ಮೊದಲು ಕೊಡ ಇರಲಿಲ್ಲ: ಪ್ರಾಗಭಾವ. ಒಡೆದ ಮೇಲೆ ಕೊಡ ಇಲ್ಲ: ಪ್ರಧ್ವಂಸಾಭಾವ. ಗಾಳಿಗೆ ಬಣ್ಣ ಎಂದೆಂದೂ ಇಲ್ಲ: ಅತ್ಯಂತಾಭಾವ. ಕೊಡವು ಬಟ್ಟೆಯಲ್ಲ: ಅನ್ಯೋನ್ಯಾಭಾವ.

● ಗಮನಿಸಿದಿರಾ? ಮೊದಲ ಮೂರಕ್ಕೆ ನಾವು ಬಳಸುವುದು ‘ಇಲ್ಲ’, ಕೊನೆಯದಕ್ಕೆ ‘ಅಲ್ಲ’. ದಾರ್ಶನಿಕರು ಎಳೆಎಳೆಯಾಗಿ ಬಿಡಿಸಿಟ್ಟ ಈ ಸೂಕ್ಷ್ಮ ಭೇದ ಕನ್ನಡ ಮಾತಾಡುವ ಪುಟ್ಟ ಮಗುವಿನ ನಾಲಿಗೆಯ ಮೇಲೂ ಇದೆ!